ಐದನೆಯ ಫೌಲ್

ಹರಪನಹಳ್ಳಿ
14 ಅಕ್ಟೋಬರ್ 2024

ಸಮತಾ,

ನಾಲ್ಕು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ವಾಟ್ಸಾಪ್‌ನಲ್ಲಿ ಕಳಿಸಿದ್ದನ್ನು ಓದಿದ್ದೀಯ, ನೀಲಿ ಗೆರೆ ಬಿದ್ದಿದೆ, ಉತ್ತರ ಮಾತ್ರ ಇಲ್ಲ. ಹೋದ ವಾರ ಕೊಟ್ಟೂರು ಬಸ್ ಸ್ಟ್ಯಾಂಡಿನಲ್ಲಿ ನಿಮ್ಮವ್ವ ಪಕ್ಕೀರಮ್ಮ ಸಿಕ್ಕಿದ್ದರು. "ಆಕಿ ಭಾಲ್ಕಿ ಪೋಸ್ಟಾಫೀಸ್ನ್ಯಾಗ ಅದಾಳವ್ವ. ಫೋನಿಗೆ ಸಿಗಂಗಿಲ್ಲ. ಕಾಗದ ಬರಿ, ಕಾಗದಕ್ಕ ಉತ್ತರ ಕೊಡ್ತಾಳ" ಅಂದರು. ನಾವಿಬ್ಬರೂ ಕೊಟ್ಟೂರು ಕಾಲೇಜಿನ ತಂಡದಲ್ಲಿ ಬಾಸ್ಕೆಟ್‌ಬಾಲ್ ಆಡಿ ಹದಿನಾರು ವರ್ಷ ಆಯಿತು. ಅಷ್ಟು ವರ್ಷದ ಮೇಲೆ ಬರೆಯುತ್ತಿರುವ ಮೊದಲ ಕಾಗದ, ಅದೂ ಕೆಲಸ ಇಟ್ಟುಕೊಂಡು. ಬೈದುಕೊಂಡೇ ಓದು.

ನಾನು ಇಲ್ಲಿ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಐದೂ ತಾಲ್ಲೂಕು ಸೇರಿ ಹುಡುಗಿಯರ ಒಂದು ತಂಡ ಕಟ್ಟಿದ್ದಾರೆ, ಅದರ ಕೋಚ್ ಕೂಡ ನಾನೇ. ಡಿಸೆಂಬರ್‌ನಲ್ಲಿ ದಾವಣಗೆರೆಯಲ್ಲಿ ಪಂದ್ಯಾವಳಿ. ಗೆದ್ದ ತಂಡದ ಒಬ್ಬಳಿಗೆ ಕ್ರೀಡಾ ಹಾಸ್ಟೆಲಿನಲ್ಲಿ ಸೀಟು ಸಿಗುತ್ತದೆ: ಪಿಯುಸಿ ಮುಗಿಯುವವರೆಗೆ ಊಟ, ಓದು, ತರಬೇತಿ.

ತಂಡ ಆರಿಸಿದ ಕಥೆ ಹೇಳಿದರೆ ನಿನಗೆ ವಾಕರಿಕೆ ಬರುತ್ತದೆ. ಸಂಚಾಲಕರು ಪಾಲಾಕ್ಷಪ್ಪ, ನಿವೃತ್ತ ಪಿ.ಟಿ. ಮೇಷ್ಟ್ರು. ಸಭೆಯಲ್ಲಿ ಮಿರ್ಚಿ ಮಂಡಕ್ಕಿ ತಿಂದು, ಎಣ್ಣೆ ಬೆರಳನ್ನು ಆಟಗಾರ್ತಿಯರ ಪಟ್ಟಿಗೇ ಒರೆಸಿ, "ತಾಲೂಕಿಗೆ ಇಬ್ರು. ಐದೆರಡ್ಲೆ ಹತ್ತು. ಯಾರಿಗೂ ಅನ್ಯಾಯ ಆಗಬಾರ್ದು ನೋಡ್ರಿ" ಅಂದರು. ಪ್ರತಿ ತಾಲ್ಲೂಕೂ ಸ್ಕೋರ್ ಶೀಟ್ ತೆಗೆದು, ಅತಿ ಹೆಚ್ಚು ಪಾಯಿಂಟ್ ಹೊಡೆದ ಇಬ್ಬಿಬ್ಬರನ್ನು ಕಳಿಸಿತು. ಈಗ ನನ್ನ ಹತ್ತಿರ ಹತ್ತು ಜನ ಬುಟ್ಟಿಗೆ ಎಸೆಯುವವರಿದ್ದಾರೆ, ಎದುರಾಳಿಯನ್ನು ತಡೆಯುವವಳು ಒಬ್ಬಳೂ ಇಲ್ಲ. ಹತ್ತೂ ಜನ ಮದುಮಗಳ ಹಾಗೆ ಕೂತರೆ ಒಲೆ ಹಚ್ಚುವವರು ಯಾರು? ಹೊಸಪೇಟೆಯ ಒಂದು ಸಾಧಾರಣ ತಂಡದ ಎದುರು ಆಡಿಸಿದೆ. ಐವತ್ತೆಂಟು ಪಾಯಿಂಟ್ ಹೊಡೆದು, ಎಂಬತ್ತೊಂದು ಹೊಡೆಸಿಕೊಂಡು ಬಂದರು. ಪಾಲಾಕ್ಷಪ್ಪನವರು ಚಪ್ಪಾಳೆ ತಟ್ಟಿದರು, "ಐವತ್ತೆಂಟು ಸಣ್ಣ ಮಾತಲ್ರೀ" ಅಂತ.

ಇನ್ನು ಕೋರ್ಟು. ಹುಡುಗಿಯರಿಗೆ ಇಲ್ಲೇ ನಮ್ಮ ಶಾಲೆಯಲ್ಲಿ ಶಿಬಿರ. ಸಿಮೆಂಟಿನ ನೆಲ ಕಂಡರೆ ಸಾಕು, ನಮ್ಮೂರಿನವರು ಮೆಕ್ಕೆಜೋಳ ಹರವುತ್ತಾರೆ. ದಿನಾ ಬೆಳಗ್ಗೆ ಅರ್ಧ ಕೋರ್ಟಿನ ಕಾಳು ಬಳಿದು ಬದಿಗೆ ಹಾಕಿ ಆಡಬೇಕು. ಮೊನ್ನೆ ಮಳೆಗೆ ನೆನೆದು, ಹುಳಿತು, ಕಂಬದ ಬುಡದಲ್ಲಿ ಬಿಳಿ ಹುಳ ಎದ್ದಿವೆ. ಆ ನಾತದಲ್ಲಿ ನನ್ನ ಮದುವಣಗಿತ್ತಿಯರು ಮೂಗು ಮುಚ್ಚಿಕೊಂಡು ಒಂದೇ ಕೈಯಲ್ಲಿ ಚೆಂಡು ಹಿಡಿಯುತ್ತಾರೆ.

ಹನ್ನೆರಡು ಜನರ ತಂಡದಲ್ಲಿ ಎರಡು ಜಾಗ ನನ್ನ ಆಯ್ಕೆಗೆ ಬಿಟ್ಟಿದ್ದಾರೆ. ನಿನ್ನ ಹಾಗೆ ತಡೆಯುವವಳನ್ನು ನಾನು ಆಮೇಲೆ ನೋಡಲಿಲ್ಲ. ಅಂಥವಳನ್ನು ಎಲ್ಲಿ ಹುಡುಕಲಿ, ಹೇಗೆ ಹುಡುಕಲಿ, ಹೇಳು.

ಪುಷ್ಪಲತಾ


ಭಾಲ್ಕಿ
21 ಅಕ್ಟೋಬರ್ 2024

ಪುಷ್ಪಲತಾ,

ಕಾಗದ ತಲುಪಿತು. ಬಂದ ಕಾಗದಕ್ಕೆ ಉತ್ತರ ಕೊಡದೆ ಇರಲು ನನಗೆ ಬರುವುದಿಲ್ಲ, ಅಷ್ಟೇ. ಫೋನಿನ ವಿಷಯ ಕೇಳಬೇಡ.

ತಡೆಯುವವಳು ಸ್ಕೋರ್ ಶೀಟಿನಲ್ಲಿ ಇರುವುದಿಲ್ಲ. ಅದರಲ್ಲಿ ಎರಡೇ ಬರೆಯುತ್ತಾರೆ, ಯಾರು ಎಷ್ಟು ಹೊಡೆದರು, ಯಾರು ಎಷ್ಟು ಫೌಲ್ ಮಾಡಿದರು. ಇಡೀ ದಿನ ಒಬ್ಬಳನ್ನು ಬುಟ್ಟಿಯ ಹತ್ತಿರ ಬಿಡದೆ ಕಾದವಳ ಹೆಸರಿನ ಮುಂದೆ ಸೊನ್ನೆ ಪಾಯಿಂಟ್, ನಾಲ್ಕು ಫೌಲ್ ಅಂತ ಇರುತ್ತದೆ. ಓದಿದವರಿಗೆ ಅವಳು ಬರೀ ತಪ್ಪು ಮಾಡಿದವಳು. ನಿಮ್ಮ ಪಾಲಾಕ್ಷಪ್ಪನವರ ತಪ್ಪು ಅದೊಂದೇ ಅಲ್ಲ, ಆದರೆ ಅದೂ ಒಂದು.

ಶೀಟನ್ನು ಹಿಂದುಮುಂದಾಗಿ ಓದು. ನಿನ್ನ ಹತ್ತು ಜನರಲ್ಲಿ ಎಲ್ಲರಿಗಿಂತ ಹೆಚ್ಚು ಹೊಡೆದವಳು ಯಾರು ನೋಡು. ಅವಳು ಯಾವ ತಂಡದ ಎದುರು ಎಲ್ಲಕ್ಕಿಂತ ಕಡಿಮೆ ಹೊಡೆದಿದ್ದಾಳೆ ನೋಡು. ಆ ದಿನ ಅವಳ ಮುಂದೆ ನಿಂತಿದ್ದವಳು ಯಾರು ಅಂತ ಹೋಗಿ ಕೇಳು. ಅವಳನ್ನು ಕರೆದುಕೊಂಡು ಬಾ.

ಇನ್ನೊಂದು. ರಾಮಾಂಜನೇಯ ಮೇಷ್ಟ್ರು ನಮಗೆ ಮೊದಲ ದಿನ ಕಲಿಸಿದ್ದನ್ನು ನಿನ್ನ ಹುಡುಗಿಯರಿಗೂ ಮೊದಲು ಕಲಿಸು. ಸೀಟಿ ಊದಿದಾಗ, ಫೌಲ್ ಯಾರದೋ ಅವರು ತಾವಾಗಿ ಕೈ ಎತ್ತಬೇಕು. ಈಗಿನ ನಿಯಮದಲ್ಲಿ ಇಲ್ಲ ಅನ್ನುತ್ತೀಯ, ಗೊತ್ತು. ಆದರೂ ಕಲಿಸು.

ಸಮತಾ


ಹರಪನಹಳ್ಳಿ
3 ನವೆಂಬರ್ 2024

ಸಮತಾ,

ಸಿಕ್ಕಳು.

ನೀನು ಹೇಳಿದ ಹಾಗೆ ಕೂತು ಶೀಟು ತಿರುವಿದೆ. ಅತಿ ಹೆಚ್ಚು ಹೊಡೆದವಳು ತಂಬ್ರಹಳ್ಳಿಯ ಅರ್ಚನಾ. ಹಡಗಲಿಯ ಎದುರು ಇಪ್ಪತ್ತೆರಡು, ಕೊಟ್ಟೂರಿನ ಎದುರು ಇಪ್ಪತ್ತಾರು, ಕೂಡ್ಲಿಗಿಯ ಎದುರು ನಾಲ್ಕು. ನಾಲ್ಕೇ ಯಾಕೆ ಅಂತ ಅವಳನ್ನೇ ಕೇಳಿದೆ. ಮುಖ ಸಿಂಡರಿಸಿಕೊಂಡು, "ಅಲ್ಲೊಬ್ಬಾಕಿ ಅದಾಳ್ರಿ ಮೇಡಂ, ಉಸಿರಾಡಾಕ ಬಿಡಂಗಿಲ್ಲ. ಜಿಗಣಿ ಅದು" ಅಂದಳು.

ಆ ಜಿಗಣೆಯ ಹೆಸರು ಬೊಮ್ಮಮ್ಮ. ಗುಡೇಕೋಟೆಯವಳು, ಕೂಡ್ಲಿಗಿಯ ಹಾಸ್ಟೆಲಿನಲ್ಲಿ ಇದ್ದು ಒಂಬತ್ತನೆಯ ಕ್ಲಾಸು ಓದುತ್ತಾಳೆ. ಗಿಡ್ಡಿ. ಚೆಂಡು ಎಸೆಯಲು ಬರುವುದಿಲ್ಲ, ಎಸೆದರೆ ಹಲಗೆಗೂ ತಾಗುವುದಿಲ್ಲ. ಆದರೆ ಎದುರಿನವಳ ಸೊಂಟ ನೋಡುತ್ತಾ ನಿಲ್ಲುತ್ತಾಳೆ, ಎತ್ತ ಹೋಗುತ್ತಾಳೋ ಅತ್ತ ಇವಳು ಮೊದಲೇ ಇರುತ್ತಾಳೆ. ಯಾರು ಕಲಿಸಿದ್ದು ಅಂದರೆ, "ಯಾರೂ ಇಲ್ರಿ. ಕುರಿ ತಿರುವಾಕ ಹಿಂಗಾ ನಿಲ್ಲಬೇಕಲ್ರಿ" ಅಂದಳು. ಹುಳಿತ ಜೋಳದ ರಾಡಿಯಲ್ಲಿ ಚೆಂಡು ಉರುಳಿದರೆ ಹೊಟ್ಟೆಯಡಿ ಹಾಕಿಕೊಂಡು ಬೀಳುತ್ತಾಳೆ, ಎದ್ದು ಲಂಗಕ್ಕೆ ಕೈ ಒರೆಸಿ ಮತ್ತೆ ನಿಲ್ಲುತ್ತಾಳೆ.

ನನ್ನ ಹತ್ತು ರಾಣಿಯರಿಗೆ ಅವಳನ್ನು ಕಂಡರೆ ಆಗುವುದಿಲ್ಲ. ಊಟಕ್ಕೆ ಕೂತಾಗ ಅವಳ ಎಡಬಲ ಎರಡು ಜಾಗ ಖಾಲಿ ಇರುತ್ತವೆ. ನಾಚಿಕೆಗೆಟ್ಟವರು ಅಂತ ಬೈದೆ. ಅರ್ಚನಾಳ ಅಪ್ಪ ಗುರುಬಸವರಾಜ ಬಂದಿದ್ದರು. ತಂಡಕ್ಕೆಲ್ಲ ಬೂಟು ಕೊಡಿಸಿದವರು, ಅದನ್ನು ನೆನಪಿಸಿಯೇ ಮಾತು ಶುರು ಮಾಡುತ್ತಾರೆ. "ನಮ್ಮ ಹುಡುಗಿ ಆಟ ಕೆಡಸಾಕ ಅಂತಾನ ಆಕಿನ್ನ ಕರಕೊಂಡ್ ಬಂದೀರೇನ್ರಿ ಮೇಡಂ?" ನಾನು ನಕ್ಕು ಕಳಿಸಿದೆ. ಆ ನಗು ನನಗೇ ಅಸಹ್ಯ ಅನ್ನಿಸಿತು.

ಆದರೆ ಒಂದು ಮಾತು ಒಪ್ಪಬೇಕು. ಐದಾರು ದಿನ ಬೊಮ್ಮಮ್ಮನ ಎದುರು ಆಡಿ ಅರ್ಚನಾ ಎರಡರಷ್ಟು ಚುರುಕಾಗಿದ್ದಾಳೆ. ಅಹಂಕಾರ ಇದೆ, ಕೆಟ್ಟ ಹುಡುಗಿ ಅಲ್ಲ. ಹೊಸಪೇಟೆಯ ತಂಡವನ್ನು ಮತ್ತೆ ಕರೆಸಿದೆ. ಅವಳು ಹೊಡೆದಳು, ಇವಳು ತಡೆದಳು, ಹದಿನಾಲ್ಕು ಪಾಯಿಂಟಿನಿಂದ ಗೆದ್ದೆವು.

ಕೈ ಎತ್ತುವುದನ್ನೂ ಕಲಿಸಿದೆ. ಮೊದಲು ಕಿಸಕ್ಕೆಂದು ನಕ್ಕರು. ಈಗ ಅಭ್ಯಾಸವಾಗಿದೆ. ಎಲ್ಲರಿಗಿಂತ ಬೇಗ ಕಲಿತವಳು ಅರ್ಚನಾ ಅಂದರೆ ನಂಬುತ್ತೀಯಾ? ಹಳೆಯ ಶಿಸ್ತು ಅಂದರೆ ನಿನಗೆ ಇನ್ನೂ ಅಷ್ಟು ಪ್ರೀತಿ. ಹಡಗಲಿಯಲ್ಲಿ ನಾವು ಆಡಿದ ಫೈನಲ್ ನೆನಪಾಯಿತು. ಆವತ್ತು ಐದನೆಯ ಫೌಲ್ ಆಗಿ ನೀನು ಹೊರಗೆ ಹೋಗದೆ ಇದ್ದಿದ್ದರೆ ನಾವು ಇನ್ನೂ ಸುಲಭವಾಗಿ ಗೆಲ್ಲುತ್ತಿದ್ದೆವು.

ಪುಷ್ಪಲತಾ


ಭಾಲ್ಕಿ
12 ನವೆಂಬರ್ 2024

ಪುಷ್ಪಲತಾ,

ಬೊಮ್ಮಮ್ಮನ ವಿಷಯ ಎರಡು ಸಲ ಓದಿದೆ. ಊಟದಲ್ಲಿ ಆ ಖಾಲಿ ಜಾಗಕ್ಕೆ ನೀನು ಹೋಗಿ ಕೂತೆಯಾ, ಅಥವಾ ಬೈದು ಸುಮ್ಮನಾದೆಯಾ? ಬರೆದಿಲ್ಲ.

ಅವಳಿಗೆ ಎಸೆಯುವುದನ್ನು ಕಲಿಸಲು ಹೋಗಬೇಡ, ಸಮಯ ಇಲ್ಲ. ಅರ್ಚನಾಗೆ ತಡೆಯುವುದನ್ನು ಸ್ವಲ್ಪ ಕಲಿಸು, ಬರೀ ಎರಡು ಹೆಜ್ಜೆ ಹಿಂದೆ ಓಡಿ ಬರುವಷ್ಟು. ಆಗ ಬೊಮ್ಮಮ್ಮನ ಮೇಲೆ ಬೀಳುವ ಭಾರ ಕಡಿಮೆಯಾಗುತ್ತದೆ. ಐದು ಜನರ ಕೆಲಸ ಒಬ್ಬಳು ಮಾಡಿದರೆ ಐದು ಜನರ ಫೌಲೂ ಅವಳ ಹೆಸರಿಗೇ ಬರುತ್ತದೆ.

ಹಡಗಲಿಯ ಫೈನಲ್ ಬಿಡು.

ಸಮತಾ


ಹರಪನಹಳ್ಳಿ
9 ಡಿಸೆಂಬರ್ 2024

ಪ್ರಿಯ ಸಮತಾ,

ಗೆದ್ದೆವು. ಫೈನಲ್ 52-50. ಕೊನೆಯ ಎರಡು ನಿಮಿಷದಲ್ಲಿ ಅರ್ಚನಾ ಏಳು ಪಾಯಿಂಟ್ ಹೊಡೆದಳು. ಬಸ್ ಸ್ಟ್ಯಾಂಡಿನಿಂದ ಮೆರವಣಿಗೆ ಮಾಡಿದರು. ಪಾಲಾಕ್ಷಪ್ಪನವರ ಕೊರಳಲ್ಲಿ ನನಗಿಂತ ದೊಡ್ಡ ಹಾರ ಇತ್ತು.

ಬೊಮ್ಮಮ್ಮ ಚೆನ್ನಾಗಿ ಆಡಿದಳು. ಪಾಪ, ಕೊನೆಯಲ್ಲಿ ಐದನೆಯ ಫೌಲ್ ಆಗಿ ಹೊರಗೆ ಬರಬೇಕಾಯಿತು. ಆಟದಲ್ಲಿ ಇದೆಲ್ಲ ಇದ್ದದ್ದೇ. ಹಾಸ್ಟೆಲಿನ ಸೀಟಿಗೆ ಅರ್ಚನಾಳ ಹೆಸರು ಹೋಗುತ್ತದೆ.

ನಿನ್ನ ಸಲಹೆ ಇಲ್ಲದಿದ್ದರೆ ಇದು ಆಗುತ್ತಿರಲಿಲ್ಲ, ತುಂಬಾ ಧನ್ಯವಾದ. ಕೆಲಸ ಬಹಳ ಇದೆ, ಮತ್ತೆ ಬರೆಯುತ್ತೇನೆ.

ಪುಷ್ಪಲತಾ


ಭಾಲ್ಕಿ
16 ಡಿಸೆಂಬರ್ 2024

ಪುಷ್ಪಲತಾ,

ಮಿರ್ಚಿ ಮಂಡಕ್ಕಿಗೂ ಜೋಳದ ಹುಳಕ್ಕೂ ಅಷ್ಟು ಸಾಲು ಬರೆದವಳು ಫೈನಲ್ಲಿಗೆ ನಾಲ್ಕು ಸಾಲು ಬರೆದಿದ್ದೀಯ. ನನ್ನನ್ನು ಪ್ರಿಯ ಅಂತಲೂ ಕರೆದಿದ್ದೀಯ.

ಒಂದೇ ಕೇಳುತ್ತೇನೆ. ಆ ಐದನೆಯ ಫೌಲಿನಲ್ಲಿ ತನ್ನ ಕೈ ತಾಗಿದ್ದು ಬೊಮ್ಮಮ್ಮನಿಗೆ ಗೊತ್ತಾಗಿದೆಯಾ? ಕೈ ಎತ್ತಿದಳಾ? ಅವಳನ್ನು ಕೇಳಿ ಬರೆ.

ನನಗೆ ನನ್ನದು ಇವತ್ತಿಗೂ ಗೊತ್ತಿಲ್ಲ. ಹಡಗಲಿಯಲ್ಲಿ ಆ ಹುಡುಗಿ ನೆಗೆದಾಗ ನಿನ್ನ ಕೈ, ನನ್ನ ಕೈ ಎರಡೂ ಒಟ್ಟಿಗೆ ಹೋಗಿದ್ದವು. ರೆಫ್ರಿ ನನ್ನ ನಂಬರ್ ತೋರಿಸಿದ. ನನಗೆ ಏನೂ ತಾಗಿದ ಹಾಗೆ ಅನ್ನಿಸಿರಲಿಲ್ಲ. ಆದರೆ ಪಕ್ಕದಲ್ಲೇ ಇದ್ದ ನೀನು ಕೈ ಎತ್ತಲಿಲ್ಲ. ಹಾಗಾದರೆ ನನ್ನದೇ ಇರಬೇಕು ಅಂದುಕೊಂಡೆ. ಅವ್ವನಿಗೂ ಹಾಗೇ ಹೇಳಿದೆ. ನಿನ್ನ ಫೋನ್ ಎತ್ತಿದರೆ ಇದನ್ನು ಕೇಳಿಬಿಡುತ್ತೇನೆ ಅನ್ನುವ ಹೆದರಿಕೆಗೆ ಎತ್ತುತ್ತಿರಲಿಲ್ಲ. ಈಗ ಬರೆದಾಯಿತು.

ಸಮತಾ


ಹರಪನಹಳ್ಳಿ
19 ಜನವರಿ 2025

ಸಮತಾ,

ನಿನ್ನ ಕಾಗದ ಬಂದು ಒಂದು ತಿಂಗಳಾಯಿತು. ಟೇಬಲ್ ಡ್ರಾಯರಿನಲ್ಲಿ ಇಟ್ಟು, ಆ ಡ್ರಾಯರನ್ನೇ ತೆಗೆಯುತ್ತಿರಲಿಲ್ಲ.

ಮೊದಲು ದಾವಣಗೆರೆಯದು ಹೇಳುತ್ತೇನೆ. ಎರಡು ನಿಮಿಷ ಉಳಿದಿತ್ತು, ಮೂರು ಪಾಯಿಂಟ್ ಹಿಂದೆ ಇದ್ದೆವು. ಅರ್ಚನಾಳಿಗೂ ನಾಲ್ಕು ಫೌಲ್, ಬೊಮ್ಮಮ್ಮನಿಗೂ ನಾಲ್ಕು. ಎದುರಿನವಳು ಬುಟ್ಟಿಗೆ ನೆಗೆದಳು. ಬೊಮ್ಮಮ್ಮ ಮುಂದೆ ನಿಂತಿದ್ದಳು, ಕೈ ನೇರ ಮೇಲಕ್ಕೆ, ಎಲ್ಲಿಯೂ ತಾಗಿರಲಿಲ್ಲ. ನೀನು ಹೇಳಿದ ಎರಡು ಹೆಜ್ಜೆ ಹಿಂದೆ ಓಡಿ ಬಂದ ಅರ್ಚನಾ ಪಕ್ಕದಿಂದ ಎದುರಿನವಳ ಕೈಗೆ ಹೊಡೆದಳು. ಬೆಂಚಿನಿಂದ ನನಗೆ ಕನ್ನಡಿ ಹಿಡಿದಷ್ಟು ಸ್ಪಷ್ಟವಾಗಿ ಕಂಡಿತು. ಸೀಟಿ ಆಯಿತು. ರೆಫ್ರಿ ಬೊಮ್ಮಮ್ಮನ ಏಳನೇ ನಂಬರ್ ತೋರಿಸಿದ.

ಅರ್ಚನಾ ಕೈ ಎತ್ತಿದಳು, ಸಮತಾ. ಭುಜದವರೆಗೆ ಬಂದಿತ್ತು. ನಾನು ಬೆಂಚಿನಿಂದ ಅಂಗೈ ಕೆಳಗೆ ಮಾಡಿ, ಇಳಿಸು ಅಂತ ಸನ್ನೆ ಮಾಡಿದೆ. ಇಳಿಸಿದಳು. ಇಬ್ಬರಲ್ಲಿ ಒಬ್ಬಳು ಹೊರಗೆ ಬರಬೇಕಿತ್ತು, ನನಗೆ ಪಾಯಿಂಟ್ ಬೇಕಿತ್ತು. ಅಷ್ಟೇ ಯೋಚನೆ. ಪಾಲಾಕ್ಷಪ್ಪನವರನ್ನು ಬೈಯುತ್ತಾ ಎರಡು ತಿಂಗಳು ಕಳೆದವಳು, ಅವರಿಗಿಂತ ಕೀಳು ಕೆಲಸವನ್ನು ಒಂದು ಕ್ಷಣದಲ್ಲಿ ಮಾಡಿದೆ.

ಸೆಮಿಫೈನಲ್ ದಿನ ಕ್ರೀಡಾ ಹಾಸ್ಟೆಲಿನ ಕೋಚ್ ಬಂದು, "ಹೊಡೆಯುವವರು ಎಲ್ಲಾ ಕಡೆ ಸಿಗುತ್ತಾರೆ, ನಮಗೆ ಆ ಏಳನೇ ನಂಬರ್ ಹುಡುಗಿ ಬೇಕು" ಅಂದಿದ್ದರು. ಅದನ್ನೂ ನಿನಗೆ ಬರೆಯಲಿಲ್ಲ. ಆದರೆ ಹೆಸರು ಕಳಿಸಬೇಕಾದ್ದು ನಮ್ಮ ಸಮಿತಿ. ಪಾಲಾಕ್ಷಪ್ಪ ಶೀಟಿನ ಮೇಲೆ ಬೆರಳಿಟ್ಟು, "ಫೈನಲ್ನ್ಯಾಗ ಐದು ಫೌಲ್ ಆಗಿ ಹೊರಗ ಬಂದಾಕಿ. ಶಿಸ್ತಿಲ್ಲದ ಹುಡುಗಿನ್ನ ಕಳಸಿದ್ರ ನಮ್ಮ ಮರ್ಯಾದಿ ಏನಾಗಬೇಕು?" ಅಂದರು. ನಾನು ಸುಮ್ಮನೆ ಚಹಾ ಕುಡಿದೆ. ಫೆಬ್ರವರಿ ಮೂರಕ್ಕೆ ಕೊಟ್ಟೂರಿನಲ್ಲಿ ಸಭೆ, ಅವತ್ತು ನಾನು ಸಹಿ ಹಾಕಬೇಕು.

ನೀನು ಹೇಳಿದ್ದಕ್ಕೆ ಮೊನ್ನೆ ಬೊಮ್ಮಮ್ಮನನ್ನು ಕೇಳಿದೆ. ಸ್ವಲ್ಪ ಹೊತ್ತು ತನ್ನ ಕೈ ನೋಡಿಕೊಂಡಳು. "ನನಗ ತಾಗಿದಂಗ ಅನಸಲಿಲ್ರಿ ಮೇಡಂ. ಆದ್ರ ನೀವು ನೋಡಾಕತ್ತಿದ್ರಲ್ರಿ. ನೀವು ಏನೂ ಅನ್ಲಿಲ್ಲ ಅಂದಮ್ಯಾಲ ತಾಗಿರಬೇಕು ತಗೋರಿ." ಅಲ್ಲಿಯೂ ನಾನು ಬಾಯಿ ಬಿಡಲಿಲ್ಲ. ಈಗೀಗ ಆಟದಲ್ಲಿ ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಾಳೆ, ಸೀಟು ಹೋಯಿತೆಂದು ಮೊಂಡುತನ. ಒಂದು ದಿನ ಅದಕ್ಕೂ ಬೈದೆ.

ಇನ್ನು ಹಡಗಲಿಯದು. ಅದು ನನ್ನ ಕೈ. ಆ ಹುಡುಗಿಯ ಮಣಿಕಟ್ಟಿಗೆ ನನ್ನ ಉಗುರು ಗೀರಿತ್ತು. ನಿನ್ನ ಕೈ ಅವಳ ಹತ್ತಿರವೂ ಹೋಗಿರಲಿಲ್ಲ. ನಿನ್ನ ನಂಬರ್ ಕೂಗಿದಾಗ, ಬದುಕಿದೆ ಅಂದುಕೊಂಡೆ. ಅವತ್ತಿನ ಸರ್ಟಿಫಿಕೇಟಿನಿಂದಲೇ ನನಗೆ ಬಿ.ಪಿ.ಎಡ್. ಸೀಟು ಸಿಕ್ಕಿದ್ದು. ಇಷ್ಟು ವರ್ಷ ನಿನಗೆ ಎಲ್ಲ ಗೊತ್ತಿದೆ, ನನ್ನ ಮೇಲಿನ ಸಿಟ್ಟಿಗೆ ಮಾತಾಡುತ್ತಿಲ್ಲ ಅಂದುಕೊಂಡಿದ್ದೆ. ನೀನು ನಿನ್ನ ಕೈಯನ್ನೇ ಅನುಮಾನಿಸುತ್ತಾ ಇದ್ದೀಯ ಅಂತ ಒಂದು ದಿನವೂ ಹೊಳೆದಿರಲಿಲ್ಲ. ಕೊರಳಲ್ಲಿ ಸೀಟಿ ಹಾಕಿಕೊಳ್ಳಲು ಹೇಸಿಗೆ ಆಗುತ್ತಿದೆ. ಕ್ಷಮಿಸು.

ಪುಷ್ಪಲತಾ


ಭಾಲ್ಕಿ
25 ಜನವರಿ 2025

ಪುಷ್ಪಲತಾ,

ಕ್ಷಮಿಸುವುದಿಲ್ಲ. ನಿನ್ನ ಕಾಗದ ಮುಟ್ಟಿದ ಮೇಲೆ ಹೋಗಿ ಕೈ ತೊಳೆದುಕೊಂಡೆ. ಇದನ್ನು ನಿನಗೆ ನೋವಾಗಲಿ ಅಂತ ಬರೆಯುತ್ತಿಲ್ಲ, ಆದದ್ದನ್ನು ಬರೆಯುತ್ತಿದ್ದೇನೆ.

ನಾವಿಬ್ಬರೂ ಒಂದೇ ಊರಿನವರು, ಒಂದೇ ತಂಡದವರು. ಆದರೂ ಅವತ್ತು ನನ್ನ ನಂಬರ್ ಕೂಗಿದಾಗ ಮೈದಾನದಲ್ಲಿ ಒಬ್ಬರಿಗೂ ಅನುಮಾನ ಬರಲಿಲ್ಲ. ಕೇರಿಯ ಗಾದಿಲಿಂಗಪ್ಪನ ಮಗಳು ಅಲ್ಲವೇ, ಒರಟು ಆಟ ಅವಳದೇ ಇರಬೇಕು. ನನಗೂ ಅನುಮಾನ ಬರಲಿಲ್ಲ ನೋಡು, ಅದು ನನಗೆ ಈಗ ಎಲ್ಲಕ್ಕಿಂತ ಹೇಸಿಗೆ ಅನ್ನಿಸುತ್ತಿದೆ.

ಬೊಮ್ಮಮ್ಮ ಕೈ ಹಿಂದೆ ಕಟ್ಟಿಕೊಳ್ಳುವುದು ಮೊಂಡುತನ ಅಲ್ಲ. ತಾಗಿದ್ದು ಗೊತ್ತಾಗದ ಕೈಯನ್ನು ಯಾರಾದರೂ ಹೇಗೆ ನಂಬುತ್ತಾರೆ? ಹಡಗಲಿಯ ಮೇಲೆ ನಾನೂ ಹಾಗೇ ಆಡಿದೆ, ಒಂದು ವರ್ಷ. ಕೈ ಇಲ್ಲದೆ ತಡೆಯಲು ಆಗುವುದಿಲ್ಲ. ಆಟ ಬಿಟ್ಟೆ.

ನಿನ್ನೆ ಅವ್ವನಿಗೆ ಫೋನ್ ಮಾಡಿ, ಆ ಫೌಲ್ ನಂದಲ್ಲವಂತೆ ಅಂದೆ. ಆಮೇಲೆ ಗುಡೇಕೋಟೆಯ ಹುಡುಗಿಯ ಕಥೆಯನ್ನೂ ಹೇಳಿದೆ. "ನಿನಗ ಹೇಳಾಕ ಆಕಿಗೆ ಹದಿನಾರು ವರ್ಷ ಬೇಕಾತು. ಆ ಹುಡುಗಿಗೆ ಯಾವಾಗ ಹೇಳ್ತಾಳಂತ?" ಅಂದಳು ಅವ್ವ.

ಅವ್ವನಿಗೆ ಏನು ಹೇಳಲಿ, ಬರೆ.

ಸಮತಾ


ಹರಪನಹಳ್ಳಿ
5 ಫೆಬ್ರವರಿ 2025

ಸಮತಾ,

ಹೇಳಿದೆ ಅಂತ ನಿಮ್ಮವ್ವನಿಗೆ ತಿಳಿಸು.

ಮೂರನೇ ತಾರೀಖು ಸಭೆಯಲ್ಲಿ ಎಲ್ಲರ ಮುಂದೆ ಹೇಳಿದೆ. ಪಾಲಾಕ್ಷಪ್ಪನವರು ಹೇಲು ತುಳಿದವರ ಹಾಗೆ ಮುಖ ಮಾಡಿ, "ಗೆದ್ದ ಕಪ್ಪಿಗೆ ನೀವಾ ಮಸಿ ಬಳಿತೀರಲ್ರಿ" ಅಂದರು. ಗುರುಬಸವರಾಜ ಮಗಳನ್ನು ಕರೆದುಕೊಂಡೇ ಬಂದಿದ್ದರು. ಅವರು ಬಾಯಿ ತೆರೆಯುವ ಮೊದಲೇ ಅರ್ಚನಾ ಎದ್ದು ನಿಂತು, "ಹೌದ್ರಿ, ನನ್ನ ಕೈನಾ. ನಾ ಎತ್ತಿದ್ದೆ" ಅಂದಳು. ಅಪ್ಪ ತೋಳು ಹಿಡಿದು ಕೂರಿಸಿದರು. ಕೊನೆಗೆ ಇಬ್ಬರ ಹೆಸರೂ ಕಳಿಸುವುದು, ಶೀಟು ಬೇಡ, ಹಾಸ್ಟೆಲಿನ ಕೋಚ್ ಆಡಿಸಿಯೇ ನೋಡಲಿ ಅಂತ ಆಯಿತು. ಟ್ರಯಲ್ ಮಾರ್ಚ್ ಎರಡಕ್ಕೆ. ನನ್ನನ್ನು ಕೋಚ್ ಕೆಲಸದಿಂದ ತೆಗೆದಿದ್ದಾರೆ. ತೆಗೆಯಬೇಕಾದ್ದೇ.

ಆದರೆ ಸಭೆಗೆ ಎರಡು ದಿನ ಮೊದಲೇ, ಶನಿವಾರ, ಕೂಡ್ಲಿಗಿಗೆ ಹೋಗಿದ್ದೆ. ಬೊಮ್ಮಮ್ಮ ಶಾಲೆಯ ಕೋರ್ಟಿನ ಬದಿಯಲ್ಲಿ ಬೂಟಿನ ದಾರ ಕಟ್ಟುತ್ತಿದ್ದಳು. ನಿನ್ನ ಕೈ ತಾಗಿರಲಿಲ್ಲ, ಅರ್ಚನಾಳದು ತಾಗಿತ್ತು, ನಾನು ನೋಡಿದ್ದೆ, ಅವಳು ಎತ್ತಿದ ಕೈಯನ್ನು ಇಳಿಸಿದವಳೂ ನಾನೇ ಅಂದೆ. ಅಳುತ್ತಾಳೆ ಅಥವಾ ಬೈಯುತ್ತಾಳೆ ಅಂದುಕೊಂಡಿದ್ದೆ. ದಾರದಿಂದ ತಲೆ ಎತ್ತಲಿಲ್ಲ.

"ಹಂಗಾದ್ರ ತಾಗಿಲ್ಲ" ಅಂದಳು. ಇನ್ನೊಂದು ಬೂಟು ಕಟ್ಟಿ ಮುಗಿಸಿ, ಮತ್ತೊಮ್ಮೆ, ತನಗೆ ತಾನೇ ಹೇಳಿಕೊಂಡ ಹಾಗೆ, "ತಾಗಿಲ್ಲ" ಅಂದಳು. ಎದ್ದು ಕೋರ್ಟಿಗೆ ಹೋದಳು.

ನಾನು ಕಂಬದ ಹತ್ತಿರ ನಿಂತು ನೋಡಿದೆ. ಅವಳು ಒಂದು ಸಲವೂ ನನ್ನ ಕಡೆ ನೋಡಲಿಲ್ಲ. ಮೊದಲೆಲ್ಲ ಪ್ರತಿ ಸೀಟಿಗೂ ನೋಡುತ್ತಿದ್ದಳು. ಹತ್ತು ನಿಮಿಷ ಕೈ ಬೆನ್ನ ಹಿಂದೆಯೇ ಇದ್ದವು, ಅವಳನ್ನು ದಾಟಿ ಎಲ್ಲರೂ ಹೋಗುತ್ತಿದ್ದರು. ಆಮೇಲೆ ಉದ್ದನೆಯ ಹುಡುಗಿಯೊಬ್ಬಳು ಚೆಂಡು ಹಿಡಿದು ಒಳಗೆ ನುಗ್ಗಿದಳು.

ಬೊಮ್ಮಮ್ಮ ಕೈ ಬಿಚ್ಚಿದಳು.

ಪುಷ್ಪಲತಾ